ಬ್ರಿಟನ್‌ನಲ್ಲಿ ಬೆಟ್ಟಿಂಗ್ ಬಿಡಬೇಕು ಅಂತಿದ್ದೀರಾ? ಯಾವ ಬೀಗ ಮೊದಲು ಹಾಕಬೇಕು, ಯಾವುದು ಆಮೇಲೆ

ಈ ಬರಹ ಬ್ರಿಟನ್‌ನಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ನಮ್ಮವರಿಗೆ. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಹುಡುಗನೊಬ್ಬ, ಎರಡನೇ ಕಂತಿನ ಫೀಸಿಗೆ ಅಂತ ಊರಿಂದ ಬಂದ ದುಡ್ಡನ್ನು ಫೋನಿನಲ್ಲೇ ಕಳೆದುಕೊಂಡ. ಐಪಿಎಲ್‌ನಿಂದ ಶುರುವಾಯಿತು, ಆಮೇಲೆ ಫುಟ್‌ಬಾಲ್, ಆಮೇಲೆ ಫುಟ್‌ಬಾಲ್‌ನಲ್ಲಿ ಹೋದದ್ದನ್ನು ಎತ್ತಲು ರಾತ್ರಿ ಎರಡು ಗಂಟೆಗೆ ಸ್ಲಾಟ್, ಅಂದರೆ ಗುಂಡಿ ಒತ್ತಿ ಚಕ್ರ ತಿರುಗಿಸುವ ಜೂಜು. ಬಾಡಿಗೆ ಕೊಡುವ ದಿನ ಬಂದಾಗಲೇ ನನಗೆ ಗೊತ್ತಾದದ್ದು. ಅವತ್ತು ಸಂಜೆ ಅಡುಗೆಮನೆಯಲ್ಲಿ ಕೂತು ನಾವಿಬ್ಬರೂ ಒಂದೊಂದಾಗಿ ಮಾಡಿದ ಕೆಲಸಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾವು ಒಂದನ್ನು ಹಿಂದು ಮುಂದು ಮಾಡಿ ಎಡವಿದೆವು. ನೀವು ಎಡವಬೇಡಿ.

ಇಲ್ಲಿ ಬೆಟ್ಟಿಂಗ್ ಕದ್ದುಮುಚ್ಚಿ ನಡೆಯುವ ವ್ಯವಹಾರ ಅಲ್ಲ. 2005ರ ಗ್ಯಾಂಬ್ಲಿಂಗ್ ಆಕ್ಟ್ ಪ್ರಕಾರ ಲೈಸೆನ್ಸ್ ಪಡೆದು ಬಹಿರಂಗವಾಗಿ ನಡೆಯುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಗ್ಯಾಂಬ್ಲಿಂಗ್ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ಲೈಸೆನ್ಸ್ ಇದೆ, ಮಿತಿ ಇದೆ, ಹಾಗಾದರೆ ಭಯ ಇಲ್ಲ ಅಂತ ಹೊಸದಾಗಿ ಬಂದವರಿಗೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 2025ರಿಂದ ಆನ್‌ಲೈನ್ ಸ್ಲಾಟ್‌ನಲ್ಲಿ ಒಂದು ಸಲಕ್ಕೆ 5 ಪೌಂಡ್‌ಗಿಂತ ಜಾಸ್ತಿ ಕಟ್ಟುವಂತಿಲ್ಲ, 18ರಿಂದ 24 ವಯಸ್ಸಿನವರಾದರೆ 2 ಪೌಂಡ್. ಆದರೆ ಒಂದು ಸುತ್ತಿಗೆ ಬೇಕಾದ ಕನಿಷ್ಠ ಸಮಯ ಎರಡೂವರೆ ಸೆಕೆಂಡ್. ಅಂದರೆ ನಿಮಿಷಕ್ಕೆ 24 ಸುತ್ತು, 2 ಪೌಂಡ್ ಲೆಕ್ಕದಲ್ಲೇ ನಿಮಿಷಕ್ಕೆ 48 ಪೌಂಡ್ ಪಣ. ಇನ್ನೊಂದು ನಿಯಮ ಇದೆ: 30 ದಿನದಲ್ಲಿ ನೀವು ಹಾಕಿದ ದುಡ್ಡು ವಾಪಸ್ ತೆಗೆದದ್ದನ್ನು ಕಳೆದು 150 ಪೌಂಡ್ ದಾಟಿದರೆ, ಕಂಪನಿ ನಿಮ್ಮ ಹೆಸರಲ್ಲಿ ದಿವಾಳಿತನ, ಕೋರ್ಟಿನ ಸಾಲದ ತೀರ್ಪು ಇತ್ಯಾದಿ ಏನಾದರೂ ಇದೆಯಾ ಅಂತ ಪರೀಕ್ಷಿಸಬೇಕು. ಒಳ್ಳೆಯ ನಿಯಮವೇ. ಆದರೆ ಮೊನ್ನೆ ಮೊನ್ನೆ ವಿಮಾನ ಇಳಿದ ವಿದ್ಯಾರ್ಥಿಯ ಹೆಸರಲ್ಲಿ ಈ ದೇಶದಲ್ಲಿ ಯಾವ ದಾಖಲೆಯೂ ಇರುವುದಿಲ್ಲ ಅಲ್ವಾ? ಊರಲ್ಲಿ ಅಪ್ಪ ಮಾಡಿದ ಸಾಲ ಇಲ್ಲಿನ ಕಂಪ್ಯೂಟರಿಗೆ ಕಾಣುವುದಿಲ್ಲ. ಹಾಗಾಗಿ ನಿಯಮ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ ಅಂತ ಕಾಯಬೇಡಿ. ಕಾನೂನು ನಿಮ್ಮ ಕೈಗೆ ಕೆಲವು ಬೀಗ ಕೊಟ್ಟಿದೆ. ಒಂದೊಂದು ಬೀಗ ಒಂದೊಂದು ಬಾಗಿಲಿಗೆ ಮಾತ್ರ. ಎಲ್ಲವನ್ನೂ ಒಂದೇ ದಿನ ಹಾಕಿ.

ಮೊದಲು ಬ್ಯಾಂಕು

ನಾವು ತಪ್ಪಿದ್ದು ಇಲ್ಲೇ. ಆನ್‌ಲೈನ್ ಬೆಟ್ಟಿಂಗ್ ಕಂಪನಿಗಳು ನಿಮ್ಮನ್ನು ಆಡಲು ಬಿಡದಂತೆ ಮಾಡುವ ಗ್ಯಾಮ್‌ಸ್ಟಾಪ್ ಅನ್ನುವ ಪಟ್ಟಿಯಲ್ಲಿ ಮೊದಲು ಹೆಸರು ಕೊಟ್ಟು, ಕೆಲಸ ಆಯಿತು ಅಂತ ಮಲಗಿದೆವು. ಅದು ಜಾರಿಯಾಗಲು 24 ಗಂಟೆವರೆಗೆ ಬೇಕಾಗಬಹುದು. ಆ ಒಂದು ರಾತ್ರಿಯಲ್ಲೇ ಅವನು ಉಳಿದದ್ದನ್ನೂ ಕಳೆದ. ಬ್ಯಾಂಕಿನ ತಡೆ ಹಾಗಲ್ಲ, ಒತ್ತಿದ ಕೂಡಲೇ ಕೆಲಸ ಮಾಡುತ್ತದೆ.

ಇಲ್ಲಿನ ದೊಡ್ಡ ಬ್ಯಾಂಕುಗಳ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್ಸ್ ಒಳಗೆ ಗ್ಯಾಂಬ್ಲಿಂಗ್ ಬ್ಲಾಕ್ ಅಂತ ಇರುತ್ತದೆ. ಮೋನ್ಜೋ, ಸ್ಟಾರ್ಲಿಂಗ್, ಬಾರ್‌ಕ್ಲೇಸ್, ಲಾಯ್ಡ್ಸ್, ಎಲ್ಲದರಲ್ಲೂ ಇದೆ. ಸಿಗದಿದ್ದರೆ ಬ್ಯಾಂಕಿಗೆ ಫೋನ್ ಮಾಡಿ ಹೇಳಿ, ಅವರು ಕಾರಣ ಕೆದಕುವುದಿಲ್ಲ. ಒಮ್ಮೆ ಹಾಕಿದರೆ ತಕ್ಷಣ ತೆಗೆಯಲು ಆಗುವುದಿಲ್ಲ, ಮೋನ್ಜೋದಲ್ಲಿ 48 ಗಂಟೆ ಕಾಯಬೇಕು. ಆಸೆ ಇಳಿಯಲು ಆ ಎರಡು ದಿನ ಸಾಕಾಗುತ್ತದೆ ಎಷ್ಟೋ ಸಲ. ಕ್ರೆಡಿಟ್ ಕಾರ್ಡಿನ ಚಿಂತೆ ಇಲ್ಲ, 2020ರ ಏಪ್ರಿಲ್ 14ರಿಂದ ಲೈಸೆನ್ಸ್ ಇರುವ ಕಂಪನಿಗಳು ಅದನ್ನು ತೆಗೆದುಕೊಳ್ಳುವಂತಿಲ್ಲ.

ಈ ತಡೆ ನಡೆಯುವುದು ವ್ಯಾಪಾರಿಯ ಕೋಡ್ ನೋಡಿ. ಜೂಜಿನ ಕಂಪನಿಗೆ ಒಂದು ಕೋಡ್ ಇರುತ್ತದೆ, ಆ ಕೋಡ್ ಬಂದರೆ ಕಾರ್ಡ್ ಒಪ್ಪುವುದಿಲ್ಲ. ಯಾರೋ ಒಬ್ಬರ ಸ್ವಂತ ಖಾತೆಗೆ ದುಡ್ಡು ಕಳಿಸಿದರೆ, ಕ್ರಿಪ್ಟೋ ಕೊಂಡರೆ ಅದು ಹಿಡಿಯದೇ ಇರಬಹುದು. ಬಂದ ಹೊಸದರಲ್ಲಿ ತೆರೆದು ಮರೆತ ಖಾತೆಯೂ ಒಂದಿರುತ್ತದೆ, ಅದರಲ್ಲೂ ಬ್ಲಾಕ್ ಹಾಕಿ. ಸಾಧ್ಯ ಆದರೆ ಬಾಡಿಗೆ, ಫೀಸಿನ ದುಡ್ಡನ್ನು ಕೆಲವು ತಿಂಗಳು ನಂಬಿಕೆಯ ಒಬ್ಬರ ಬಳಿ ಇಡಿ. ಅಕ್ಕನೋ, ಭಾವನೋ, ರೂಮಿನವರೋ, ಯಾರಾದರೂ ಸರಿ.

ಆಮೇಲೆ ಗ್ಯಾಮ್‌ಸ್ಟಾಪ್

ಇದು ಉಚಿತ. 2020ರ ಮಾರ್ಚ್ 31ರಿಂದ ಲೈಸೆನ್ಸ್ ಇರುವ ಆನ್‌ಲೈನ್ ಕಂಪನಿಗಳೆಲ್ಲ ಇದಕ್ಕೆ ಸೇರಲೇಬೇಕು. ಒಂದು ಸಲ ಹೆಸರು ಕೊಟ್ಟರೆ ಅಷ್ಟೂ ಕಂಪನಿಗಳ ಬಾಗಿಲು ಮುಚ್ಚುತ್ತದೆ. 6 ತಿಂಗಳು, 1 ವರ್ಷ, 5 ವರ್ಷ ಅಂತ ಆಯ್ಕೆ ಇದೆ. ನನ್ನನ್ನು ಕೇಳಿದರೆ 5 ವರ್ಷ. 6 ತಿಂಗಳು ಅಂದರೆ ಒಂದು ಐಪಿಎಲ್ ತಪ್ಪಿಸಿ ಮುಂದಿನದಕ್ಕೆ ಸರಿಯಾಗಿ ವಾಪಸ್ ಬಂದ ಹಾಗೆ. ಮಧ್ಯೆ ಅತ್ತು ಕರೆದರೂ ತೆಗೆಯುವುದಿಲ್ಲ, ಇದು ತಿಳಿದೇ ಹಾಕಿ.

ನಮ್ಮವರು ಎಚ್ಚರ ಇಡಬೇಕಾದ್ದು ಹೆಸರಿನ ವಿಷಯದಲ್ಲಿ. ಗ್ಯಾಮ್‌ಸ್ಟಾಪ್ ನಿಮ್ಮನ್ನು ಗುರುತು ಹಿಡಿಯುವುದು ಹೆಸರು, ಹುಟ್ಟಿದ ದಿನ, ಇಮೇಲ್, ಪೋಸ್ಟ್‌ಕೋಡ್, ಮೊಬೈಲ್ ನಂಬರ್ ಹೊಂದಿಸಿ. ನಮ್ಮ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಕೆಲವರಿಗೆ ಬರೀ ಇನಿಷಿಯಲ್, ಬ್ಯಾಂಕಿನಲ್ಲಿ ಇನ್ನೊಂದು ರೀತಿ. ಬೆಟ್ಟಿಂಗ್ ಖಾತೆ ತೆರೆದಾಗ ಹೇಗೆ ಬರೆದಿದ್ದಿರೋ ಅದೇ ಸ್ಪೆಲ್ಲಿಂಗ್ ಇಲ್ಲೂ ಬರೆಯಿರಿ. ಹಳೆಯ ಇಮೇಲ್, ಹಳೆಯ ಮನೆಯ ಪೋಸ್ಟ್‌ಕೋಡ್ ಬಳಸಿದ್ದರೆ ಅವನ್ನೂ ಸೇರಿಸಿ. ದೃಢಪಡಿಸುವ ಇಮೇಲ್ ಬರುತ್ತದೆ, ಅದನ್ನು ಅಳಿಸಬೇಡಿ, ಮುಂದೆ ಬೇಕಾಗುತ್ತದೆ.

ಖಾತೆಯಲ್ಲಿ ದುಡ್ಡು ಉಳಿದಿದೆ, ಅದನ್ನು ತೆಗೆದು ಆಮೇಲೆ ಹಾಕೋಣ ಅನ್ನಿಸಬಹುದು. ಬೇಡ. ತೆಗೆಯಲು ಒಳಗೆ ಹೋದವನು ಇನ್ನೊಂದು ಆಟ ಆಡಿಯೇ ಬರುತ್ತಾನೆ, ನಾನು ಕಣ್ಣಾರೆ ಕಂಡಿದ್ದೇನೆ. ಆ ದುಡ್ಡು ನಿಮ್ಮದೇ. ಬಾಗಿಲು ಮುಚ್ಚಿದ ಮೇಲೂ ಕಂಪನಿಗೆ ಬರೆದು ವಾಪಸ್ ಕೇಳಬಹುದು.

ಗ್ಯಾಮ್‌ಸ್ಟಾಪ್ ಮುಟ್ಟದ ಜಾಗಗಳು

ಲೈಸೆನ್ಸ್ ಇಲ್ಲದ ಸೈಟ್‌ಗಳು ಗ್ಯಾಮ್‌ಸ್ಟಾಪ್‌ನಲ್ಲಿ ಇಲ್ಲ. ಅದನ್ನೇ ದೊಡ್ಡದಾಗಿ ಹೇಳಿಕೊಂಡು, ಬಿಡಲು ಒದ್ದಾಡುತ್ತಿರುವವರನ್ನೇ ಹುಡುಕಿ ಜಾಹೀರಾತು ಹಾಕುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಗೆದ್ದ ದುಡ್ಡು ಕೊಡದಿದ್ದರೆ ಕೇಳಲು ಇಲ್ಲಿ ಯಾರೂ ಇಲ್ಲ. ಇದಕ್ಕೆ ಗ್ಯಾಮ್‌ಬ್ಯಾನ್ ಅನ್ನುವ ಆ್ಯಪ್ ಇದೆ, ಫೋನಿಗೂ ಲ್ಯಾಪ್‌ಟಾಪಿಗೂ ಹಾಕಿದರೆ ಸಾವಿರಾರು ಜೂಜಿನ ಸೈಟ್ ತೆರೆಯುವುದೇ ಇಲ್ಲ. ದುಡ್ಡು ಕೊಟ್ಟು ಕೊಳ್ಳಬೇಡಿ, ಜೂಜಿನ ಚಟಕ್ಕೆ ಸಿಕ್ಕವರಿಗೆ ನೆರವಾಗುವ ಗ್ಯಾಮ್‌ಕೇರ್ ಸಂಸ್ಥೆಯವರ ಟಾಕ್‌ಬ್ಯಾನ್‌ಸ್ಟಾಪ್ ಯೋಜನೆ ಮೂಲಕ ಉಚಿತವಾಗಿ ಸಿಗುತ್ತದೆ.

ಇದೂ ಹಿಡಿಯದ ಒಂದು ಜಾಗ ಇದೆ. ವಾಟ್ಸಾಪ್, ಟೆಲಿಗ್ರಾಂನಲ್ಲಿ 'ಐಡಿ', ಅಂದರೆ ಬೆಟ್ಟಿಂಗ್ ಆಡಲು ಲಾಗಿನ್ ಕೊಡುವವರು. ನಮ್ಮ ಹುಡುಗರು ಸಿಕ್ಕಿಬೀಳುವುದು ಜಾಸ್ತಿ ಇಲ್ಲಿಯೇ ಅಂತ ನನಗೆ ಅನ್ನಿಸಿದೆ, ಯಾಕಂದರೆ ಮಾತು ನಮ್ಮ ಭಾಷೆಯಲ್ಲಿ, ದುಡ್ಡು ಯುಪಿಐನಲ್ಲಿ, ಅಪ್ಪನ ಖಾತೆಯಿಂದ. ಇಲ್ಲಿನ ಯಾವ ಬ್ಯಾಂಕಿಗೂ ಅದು ಕಾಣುವುದಿಲ್ಲ. ಊರಲ್ಲಾದರೂ ಅದು ಸರಿ ಅಲ್ಲ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತ 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿದೆ. ಗ್ರೂಪಿನಿಂದ ಹೊರಗೆ ಬನ್ನಿ, ನಂಬರ್ ಬ್ಲಾಕ್ ಮಾಡಿ, ಊರಿನ ಬ್ಯಾಂಕಿನ ಯುಪಿಐ ಆ್ಯಪ್ ಫೋನಿಂದ ತೆಗೆಯಿರಿ.

ಬೀದಿಯ ಬೆಟ್ಟಿಂಗ್ ಅಂಗಡಿಗಳು ನಿಮ್ಮನ್ನು ಆಡಲು ಬಿಡದಂತೆ ಮಾಡಲು ಬೇರೆಯೇ ಪಟ್ಟಿ ಇದೆ. 0800 294 2060ಗೆ ಫೋನ್ ಮಾಡಿ, ನೀವು ಹೋಗುವ ಊರು, ಬೀದಿ ಹೇಳಿ, ಫೋಟೋ ಕೊಡಿ. ಕ್ಯಾಸಿನೊಗಳಿಗೆ ಸೆನ್ಸ್ ಅಂತ ಇನ್ನೊಂದು.

ಸಾಲ ಆಗಿದ್ದರೆ

ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವ ಮೊದಲು ಸ್ಟೆಪ್‌ಚೇಂಜ್‌ನಂಥ ಉಚಿತ ಸಲಹಾ ಸಂಸ್ಥೆಗೆ ಫೋನ್ ಮಾಡಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಬ್ರೀದಿಂಗ್ ಸ್ಪೇಸ್ ಅನ್ನುವ ವ್ಯವಸ್ಥೆ 2021ರಿಂದ ಇದೆ. ಅದಕ್ಕೆ ಅರ್ಹರಾದರೆ ಅದರಡಿ ಬರುವ ಸಾಲಗಳಿಗೆ 60 ದಿನ ಬಡ್ಡಿ, ವಸೂಲಿ ಕಾಟ ನಿಲ್ಲುತ್ತದೆ. ಸಲಹೆಗಾರರ ಮೂಲಕವೇ ಅರ್ಜಿ ಹೋಗಬೇಕು. ಫೀಸು ಬಾಕಿ ಇದ್ದರೆ ಕೊನೆಯ ದಿನಾಂಕ ಮುಗಿಯುವ ಮೊದಲೇ ಯೂನಿವರ್ಸಿಟಿಗೆ ಹೇಳಿ ಕಂತು ಕೇಳಿ. ಸುಮ್ನೆ ಇದ್ದಷ್ಟೂ ದಾರಿ ಕಿರಿದಾಗುತ್ತದೆ.

ಮಾತಾಡಲು ಜನ ಬೇಕು ಅನ್ನಿಸಿದರೆ 0808 8020 133. ಗ್ಯಾಮ್‌ಕೇರ್ ನಡೆಸುವ ಸಹಾಯವಾಣಿ, ಉಚಿತ, ದಿನದ 24 ಗಂಟೆ. ಬೆಟ್ಟಿಂಗ್ ಮಾಡುವವರ ಮನೆಯವರೂ, ಸ್ನೇಹಿತರೂ ಫೋನ್ ಮಾಡಬಹುದು, ನಾನು ಮಾಡಿದ್ದೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಗ್ಯಾಂಬ್ಲಿಂಗ್ ಕ್ಲಿನಿಕ್‌ಗಳೂ ಇವೆ. ಲಂಡನ್ನಿನಲ್ಲಿ ಮೊದಲನೆಯದು 2008ರಲ್ಲಿ ಶುರುವಾಯಿತು, ಈಗ ಇಂಗ್ಲೆಂಡಿನ ಬೇರೆ ಬೇರೆ ಕಡೆ ಇವೆ. ಜಿಪಿ (ನಿಮ್ಮ ಮಾಮೂಲಿ ಡಾಕ್ಟರ್) ಚೀಟಿ ಇಲ್ಲದೆ ನೀವೇ ನೇರ ಬರೆಯಬಹುದು. ಇದು ಕಾಯಿಲೆ, ಚಿಕಿತ್ಸೆ ಇದೆ. ನಾಚಿಕೆ ಪಡುವಂಥದ್ದು ಇಲ್ಲಿ ಏನೂ ಇಲ್ಲ.

ಕಂಪನಿ ತಪ್ಪು ಮಾಡಿದರೆ

ಗ್ಯಾಮ್‌ಸ್ಟಾಪ್ ಜಾರಿಯಾದ ಮೇಲೂ ಲೈಸೆನ್ಸ್ ಇರುವ ಕಂಪನಿ ನಿಮ್ಮನ್ನು ಆಡಲು ಬಿಟ್ಟರೆ ಬರವಣಿಗೆಯಲ್ಲಿ ದೂರು ಕೊಡಿ, ಆ ದೃಢೀಕರಣದ ಇಮೇಲ್ ಲಗತ್ತಿಸಿ. ಅವರಿಗೆ 8 ವಾರ ಸಮಯ. ಉತ್ತರ ಸರಿ ಅನ್ನಿಸದಿದ್ದರೆ ಐಬಾಸ್‌ನಂಥ ಮಧ್ಯಸ್ಥ ಸಂಸ್ಥೆಗೆ ಖರ್ಚಿಲ್ಲದೆ ಹೋಗಬಹುದು, ಯಾವ ಸಂಸ್ಥೆ ಅನ್ನುವುದನ್ನು ಕಂಪನಿಯೇ ತಿಳಿಸಬೇಕು. ಕಮಿಷನ್‌ಗೆ ಬರೆದರೆ ನಿಮ್ಮ ದುಡ್ಡು ಕೊಡಿಸುವುದಿಲ್ಲ, ಆದರೆ ಕಂಪನಿಯ ಮೇಲೆ ಕಣ್ಣಿಡಲು ಅವರಿಗೆ ಅದು ಉಪಯೋಗ.

ಕೊನೆಗೆ ಒಂದು ಚಿಕ್ಕ ಕೆಲಸ. ಮನೆ ಬದಲಾಯಿಸಿದಾಗ, ಸಿಮ್ ಬದಲಾಯಿಸಿದಾಗ ಗ್ಯಾಮ್‌ಸ್ಟಾಪ್‌ಗೆ ಲಾಗಿನ್ ಆಗಿ ಹೊಸ ವಿಳಾಸ, ನಂಬರ್ ಹಾಕಿ, ಇಲ್ಲದಿದ್ದರೆ ಗುರುತು ತಪ್ಪಬಹುದು. ಬಾಡಿಗೆ ಮನೆಗಳಲ್ಲಿ ವರ್ಷಕ್ಕೊಮ್ಮೆ ಜಾಗ ಬದಲಿಸುವ ನಮ್ಮಂಥವರಿಗೆ ಇದು ಬೇಗ ಮರೆತುಹೋಗುತ್ತದೆ. ಹೊಸ ಮನೆಗೆ ಹೋದಾಗ ಬ್ಯಾಂಕಿಗೆ ವಿಳಾಸ ಕೊಡುತ್ತೀರಲ್ಲ, ಅದೇ ದಿನ ಇದನ್ನೂ ಮುಗಿಸಿ.