ದಂಪತಿಗಳ ಮಾತುಕತೆಯ ಮೇಲೆ 14 ದಿನಗಳ ದಿನಚರಿ ಅಧ್ಯಯನ: ನಡೆಸುವ ಬಗೆ

ಗಂಡ-ಹೆಂಡತಿಯ ಮಾತುಕತೆಯನ್ನು ಅಭ್ಯಾಸ ಮಾಡಲು ಹೊರಟವರು ಸಾಮಾನ್ಯವಾಗಿ ಒಂದು ಪ್ರಶ್ನಾವಳಿ ಹಿಡಿದು ಹೋಗುತ್ತಾರೆ: 'ಕಳೆದ ಆರು ತಿಂಗಳಲ್ಲಿ ನಿಮ್ಮವರು ನಿಮ್ಮ ಮಾತಿಗೆ ಎಷ್ಟು ಸಲ ಕಿವಿಗೊಟ್ಟರು?' ಇದಕ್ಕೆ ಸರಿಯಾದ ಉತ್ತರ ಯಾರ ಹತ್ತಿರವೂ ಇರುವುದಿಲ್ಲ. ನಿನ್ನೆ ಜಗಳವಾಗಿದ್ದರೆ ಆರು ತಿಂಗಳೂ ಹಾಗೆಯೇ ಇತ್ತೆನ್ನಿಸುತ್ತದೆ. ದಿನಚರಿ ಅಧ್ಯಯನದಲ್ಲಿ ಇಬ್ಬರೂ ಪ್ರತಿ ರಾತ್ರಿ ಆ ದಿನದ ಬಗ್ಗೆ ಮಾತ್ರ ಎರಡು-ಮೂರು ನಿಮಿಷ ಉತ್ತರಿಸುತ್ತಾರೆ, ಅವರವರ ಪಾಡಿಗೆ. 'ಅಂದೇ' ಮತ್ತು 'ಅವರವರೇ' ಎಂಬ ಈ ಎರಡು ಷರತ್ತುಗಳಲ್ಲಿ ಒಂದು ಸಡಿಲವಾದರೂ ಆಮೇಲಿನ ಲೆಕ್ಕಾಚಾರ ಎಷ್ಟೇ ಜಾಣತನದ್ದಾದರೂ ಉಪಯೋಗವಿಲ್ಲ.

ಏನನ್ನು ಅಳೆಯಬೇಕು ಎಂಬುದಕ್ಕೆ ಮನೋವಿಜ್ಞಾನಿಗಳಾದ ಹ್ಯಾರಿ ರೀಸ್ ಮತ್ತು ಫಿಲಿಪ್ ಶೇವರ್ 1988ರಲ್ಲಿ ಕೊಟ್ಟ ಮಾದರಿ ಇಂದಿಗೂ ಒಳ್ಳೆಯ ಆರಂಭ. ಒಬ್ಬರು ಮನಸ್ಸಿನದನ್ನು ಹೇಳಿಕೊಳ್ಳುತ್ತಾರೆ, ಇನ್ನೊಬ್ಬರು ಸ್ಪಂದಿಸುತ್ತಾರೆ, ಆ ಸ್ಪಂದನೆ ಹೇಳಿದವರಿಗೆ ತಟ್ಟಿದರೆ ಆಪ್ತತೆ ಬೆಳೆಯುತ್ತದೆ. ಹಾಗಾಗಿ ಹೇಳಿಕೊಂಡದ್ದು, ಸ್ಪಂದನೆ ಸಿಕ್ಕಿತೆನ್ನಿಸಿದ್ದು, ಆಪ್ತತೆ ಈ ಮೂರಕ್ಕೂ ಬೇರೆ ಬೇರೆ ಪ್ರಶ್ನೆ ಬೇಕು. ಲಾರೆನ್ಸೊ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ 96 ದಂಪತಿಗಳು 42 ದಿನ ಬರೆದರು. ಪಿಎಚ್‌ಡಿ ಮಾಡುವವರಿಗೆ 14 ದಿನ ಸಾಕು. ಎರಡು ಭಾನುವಾರ ಒಳಗೆ ಬರುತ್ತವೆ, ಮೂರನೇ ವಾರದ ಬೇಸರ ಶುರುವಾಗುವುದಿಲ್ಲ. ಹಬ್ಬ, ಮಕ್ಕಳ ಪರೀಕ್ಷೆ ಬರುವ ವಾರಗಳನ್ನು ಬಿಡಿ. 80 ದಂಪತಿ ಸಿಕ್ಕರೆ 80×2×14, ಅಂದರೆ 2240 ಸಾಲು (ಒಬ್ಬರ ಒಂದು ದಿನದ ಉತ್ತರ ಒಂದು ಸಾಲು). ಸಾಲುಗಳ ಸಂಖ್ಯೆ ನೋಡಿ ಹಿಗ್ಗಬೇಡಿ: ಒಂದು ಮನೆಯನ್ನು ಇನ್ನೊಂದು ಮನೆಯ ಜೊತೆ ಹೋಲಿಸುವಾಗ ನಿಮ್ಮ ಬಳಿ ಇರುವುದು 80 ಮಾತ್ರ.

ಪ್ರಶ್ನೆಗಳು 10–12 ಮೀರಬಾರದು. ಪ್ರತಿಯೊಂದೂ 'ಇವತ್ತು' ಎಂದೇ ಶುರುವಾಗಲಿ. 'ಇವತ್ತು ನಾನು ಹೇಳಿದ್ದನ್ನು ನನ್ನ ಗಂಡ ಮನಸ್ಸಿಟ್ಟು ಕೇಳಿದರು' — 1ರಿಂದ 5, 'ಸ್ವಲ್ಪವೂ ಇಲ್ಲ'ದಿಂದ 'ತುಂಬಾ'ವರೆಗೆ. ಇದಕ್ಕೇ 'ಮತ್ತು ಅರ್ಥ ಮಾಡಿಕೊಂಡರು' ಎಂದು ಸೇರಿಸಿದರೆ ಕೆಟ್ಟಿತು. ಕೇಳಿಯೂ ಅರ್ಥವಾಗದ ಗಂಡನಿಗೆ ಹೆಂಡತಿ ಎಷ್ಟು ಅಂಕ ಕೊಡಬೇಕು? ಗಂಡನ ಫಾರಂ, ಹೆಂಡತಿಯ ಫಾರಂ ಬೇರೆ ಬೇರೆ ಮಾಡಿ. ಎರಡಕ್ಕೂ ಹೊಂದಲಿ ಎಂದು 'ನಮ್ಮ ಮನೆಯವರು' ಎಂದು ಹಾಕಿದರೆ, ಕೂಡುಕುಟುಂಬದಲ್ಲಿರುವವರು ಅತ್ತೆ-ಮಾವನನ್ನೂ ಸೇರಿಸಿಕೊಂಡು ಉತ್ತರಿಸುವ ಸಾಧ್ಯತೆಯಿದೆ.

'ಇವತ್ತು ನೀವಿಬ್ಬರೂ ಹತ್ತು ನಿಮಿಷವಾದರೂ ಮಾತಾಡಿದಿರಾ?' ಎಂಬುದು ಮೊದಲ ಪ್ರಶ್ನೆಯಾಗಿರಲಿ. ಇದರಲ್ಲೊಂದು ಬಲೆ ಇದೆ. 'ಇಲ್ಲ' ಎಂದವರಿಗೆ ಫಾರಂ ಅಲ್ಲಿಗೇ ಮುಗಿದರೆ ಮೂರನೇ ದಿನದ ಹೊತ್ತಿಗೆ ಎಲ್ಲರಿಗೂ ಗುಟ್ಟು ತಿಳಿದಿರುತ್ತದೆ, ಅರ್ಧ ಊರು ಮೌನವ್ರತ ಹಿಡಿಯುತ್ತದೆ. 'ಇಲ್ಲ' ಎಂದವರಿಗೂ ಅಷ್ಟೇ ಸಂಖ್ಯೆಯ ಬೇರೆ ಪ್ರಶ್ನೆ (ಕೆಲಸದ ಒತ್ತಡ, ನಿದ್ದೆ, ಆಯಾಸ) ಬರುವಂತೆ ಮಾಡಿ. ಮಾತಾಡದ ದಿನದ ಸ್ಪಂದನೆಯ ಕಾಲಂ ಖಾಲಿ ಇರಲಿ, ಅಲ್ಲಿ ಸೊನ್ನೆ ತುಂಬಬೇಡಿ.

ಕಾಗದದ ಪುಸ್ತಕ ಕೊಡುವ ಯೋಚನೆ ಇದ್ದರೆ ಆರ್ಥರ್ ಸ್ಟೋನ್ ತಂಡ 2002ರಲ್ಲಿ ಪ್ರಕಟಿಸಿದ್ದನ್ನು ನೆನಪಿಡಿ. ದೀರ್ಘಕಾಲದ ನೋವಿರುವ ರೋಗಿಗಳಿಗೆ ಕೊಟ್ಟ ದಿನಚರಿಗಳೊಳಗೆ, ಪುಸ್ತಕ ತೆರೆದದ್ದು ಯಾವಾಗ ಎಂದು ದಾಖಲಿಸುವ ಬೆಳಕಿನ ಸಂವೇದಕವನ್ನು ಗುಟ್ಟಾಗಿ ಇಟ್ಟಿದ್ದರು. ಹೊತ್ತಿಗೆ ಸರಿಯಾಗಿ ಬರೆದೆವು ಎಂದು ರೋಗಿಗಳು ತೋರಿಸಿದ್ದು ಶೇ. 90, ನಿಜವಾಗಿ ಬರೆದದ್ದು ಶೇ. 11. ಎಲೆಕ್ಟ್ರಾನಿಕ್ ದಿನಚರಿಯವರದು ಶೇ. 94. ಆದ್ದರಿಂದ ಮೊಬೈಲೇ ಸರಿ. ರಾತ್ರಿ 8:30ಕ್ಕೆ ಲಿಂಕ್, 10 ಗಂಟೆಗೆ ಒಂದೇ ಒಂದು ನೆನಪೋಲೆ, 11:30ರ ನಂತರ ಬಂದದ್ದನ್ನು ಸಮಯ ನೋಡಿ ಪಕ್ಕಕ್ಕಿಡಿ. ಗೂಗಲ್ ಫಾರ್ಮ್ಸ್ ಬಳಸುವುದಾದರೆ ಸಲ್ಲಿಸಿದ ಮೇಲೆ ಉತ್ತರ ತಿದ್ದುವ ಆಯ್ಕೆ ಮತ್ತು ಒಟ್ಟು ಫಲಿತಾಂಶ ತೋರಿಸುವ ಆಯ್ಕೆ ಎರಡನ್ನೂ ಆಫ್ ಮಾಡಿ. ಎರಡನೆಯದು ಆನ್ ಇದ್ದರೆ ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣುವ ಅಪಾಯವಿದೆ.

ಒಪ್ಪಿಗೆ ಪತ್ರವನ್ನು ಇಬ್ಬರಿಂದಲೂ ಬೇರೆ ಬೇರೆ ಕೂರಿಸಿಕೊಂಡು ಪಡೆಯಿರಿ. ಗಂಡ 'ನಾವಿಬ್ಬರೂ ಒಪ್ಪಿದ್ದೇವೆ' ಎಂದದ್ದು ಹೆಂಡತಿಯ ಒಪ್ಪಿಗೆಯಲ್ಲ. ಫೋನ್ ಯಾರ ಕೈಯಲ್ಲಿರುತ್ತದೆ, ಲಾಕ್ ಯಾರಿಗೆ ಗೊತ್ತು ಎಂದು ಆಗಲೇ ಕೇಳಿ. ಮನೆಗೊಂದೇ ಮೊಬೈಲ್ ಇದ್ದರೆ ಆ ದಂಪತಿಯನ್ನು ಸೇರಿಸದಿರುವುದೇ ಒಳ್ಳೆಯದು. ಮಾಹಿತಿ ಹೋಗುತ್ತದೆ ಎನ್ನುವುದಕ್ಕಿಂತ, ಉತ್ತರ ನೋಡಿ ಮನೆಯಲ್ಲಿ ರಂಪವಾದರೆ ಹೊಣೆ ನಿಮ್ಮದೇ. ಹಿಂಸೆಯ ಸುಳಿವು ಸಿಕ್ಕಾಗ ಯಾರಿಗೆ ತಿಳಿಸಬೇಕು, ಹೇಗೆ ಎಂಬುದು ನೀತಿ ಸಮಿತಿಗೆ ಕೊಡುವ ಅರ್ಜಿಯಲ್ಲೇ ಇರಬೇಕು. ಮಹಿಳಾ ಸಹಾಯವಾಣಿ 181ರ ಮಾಹಿತಿಯನ್ನು ಹೆಂಡತಿಗೆ ಒಂಟಿಯಾಗಿ ಸಿಕ್ಕಾಗ ಬಾಯಲ್ಲೇ ಹೇಳಿ, ಕಾಗದದಲ್ಲಿ ಬರೆದು ಕಳಿಸಬೇಡಿ. ಗೌರವಧನವನ್ನು ದಿನದ ಲೆಕ್ಕದಲ್ಲಿ ಕೊಡಿ. ಹದಿನಾಲ್ಕೂ ತುಂಬಿದರೆ ಮಾತ್ರ ದುಡ್ಡು ಎಂದರೆ ಒಬ್ಬರದನ್ನು ಇನ್ನೊಬ್ಬರು ತುಂಬಿ ಕಳಿಸುತ್ತಾರೆ. ಇಬ್ಬರ ಫಾರಂ ಒಂದೆರಡು ನಿಮಿಷದ ಅಂತರದಲ್ಲಿ, ಒಂದೇ ಅಂಕಗಳೊಂದಿಗೆ, ದಿನಾ ಬರುತ್ತಿದ್ದರೆ ಅನುಮಾನಪಡಿ.

ಇಷ್ಟನ್ನೂ ಮೂರ್ನಾಲ್ಕು ದಂಪತಿಗಳ ಮೇಲೆ ಐದು ದಿನ ಪ್ರಯೋಗಿಸಿ ನೋಡಿಯೇ ಮುಂದುವರಿಯಿರಿ.

ಹಾಳೆಯಲ್ಲಿ ಒಬ್ಬರ ಒಂದು ದಿನಕ್ಕೆ ಒಂದು ಸಾಲು: ದಂಪತಿ ಸಂಖ್ಯೆ, ಗಂಡ/ಹೆಂಡತಿ, ದಿನ, ಸಮಯ, ಉತ್ತರಗಳು. ದಿನದ ಸಂಖ್ಯೆ ಕ್ಯಾಲೆಂಡರಿನ ಪ್ರಕಾರ ಇರಲಿ. ನಾಲ್ಕನೇ ದಿನ ತಪ್ಪಿಸಿದವರ ಮುಂದಿನ ಉತ್ತರ ಐದನೆಯದೇ. ಇಲ್ಲಿ ತಪ್ಪಿದರೆ ಗಂಡನ ಮಂಗಳವಾರ ಹೆಂಡತಿಯ ಬುಧವಾರದ ಜೊತೆ ಜೋಡಿಯಾಗುತ್ತದೆ.

ವಿಶ್ಲೇಷಣೆಗೆ ಮುಂಚೆ ಪ್ರತಿಯೊಬ್ಬರ ಸ್ವಂತ ಸರಾಸರಿ ತೆಗೆದು, ದಿನದ ಅಂಕದಿಂದ ಕಳೆಯಿರಿ. 'ಸದಾ ಸ್ಪಂದಿಸುವ ಗಂಡನಿರುವ ಮನೆ' ಮತ್ತು 'ಎಂದಿಗಿಂತ ಹೆಚ್ಚು ಸ್ಪಂದಿಸಿದ ದಿನ' ಬೇರೆ ಬೇರೆ ಸಂಗತಿ; ಕಳೆಯದಿದ್ದರೆ ಎರಡೂ ಕಲಸಿಹೋಗುತ್ತವೆ. ಸರಾಸರಿ ಮತ್ತು ವ್ಯತ್ಯಾಸ ಎರಡನ್ನೂ ಬಹುಸ್ತರದ ಮಾದರಿಯಲ್ಲಿ (ದಿನ, ದಂಪತಿ ಎಂಬ ಸ್ತರಗಳನ್ನು ಬೇರೆ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾದರಿ) ಹಾಕಿ, ತನ್ನ ಪ್ರಭಾವ (ತನ್ನ ಅಂಕ ತನ್ನ ಆಪ್ತತೆಯ ಮೇಲೆ) ಮತ್ತು ಸಂಗಾತಿಯ ಪ್ರಭಾವವನ್ನು (ಸಂಗಾತಿಯ ಅಂಕ ತನ್ನ ಆಪ್ತತೆಯ ಮೇಲೆ) ಒಟ್ಟಿಗೆ ಅಂದಾಜಿಸಿ. ಸಂಖ್ಯಾಶಾಸ್ತ್ರದ ಆರ್ (R) ತಂತ್ರಾಂಶದಲ್ಲಿ ಎನ್‌ಎಲ್‌ಎಂಇ ಪ್ಯಾಕೇಜ್ ಇದಕ್ಕೆ ಅನುಕೂಲ: ಗಂಡ-ಹೆಂಡತಿಯ ಅಂದಿನ ಉಳಿಕೆಗಳ (ಮಾದರಿ ವಿವರಿಸದೆ ಬಿಟ್ಟ ಭಾಗ) ನಡುವೆ ಸಹಸಂಬಂಧ ಇಡಬಹುದು, ಇಬ್ಬರಿಗೂ ಬೇರೆ ಬೇರೆ ಚದುರುವಿಕೆ ಕೊಡಬಹುದು.

ಒಂದೇ ರಾತ್ರಿಯ ಎರಡು ಉತ್ತರಗಳಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಹೇಳಲಾಗದು. ಇವತ್ತಿನ ಸ್ಪಂದನೆಯಿಂದ ನಾಳೆಯ ಆಪ್ತತೆಯನ್ನು ಊಹಿಸುವ ಮಾದರಿಯನ್ನೂ ಓಡಿಸಿ, ಅದರಲ್ಲಿ ಇವತ್ತಿನ ಆಪ್ತತೆಯನ್ನು ಬಿಡಬೇಡಿ. ದಿನದ ಸಂಖ್ಯೆಯನ್ನೂ ಮಾದರಿಯೊಳಗೆ ಸೇರಿಸಿ. ಮೊದಮೊದಲ ದಿನಗಳಲ್ಲಿ ಜನ, ಮುಖ್ಯವಾಗಿ ಬೇಸರ-ಸಿಟ್ಟಿನಂಥವಕ್ಕೆ, ಹೆಚ್ಚು ಅಂಕ ಕೊಟ್ಟು ಆಮೇಲೆ ಇಳಿಸುತ್ತಾರೆ. ಆ ಇಳಿತವನ್ನು ದಿನಚರಿ ಬರೆದದ್ದರಿಂದ ದಾಂಪತ್ಯ ಸುಧಾರಿಸಿತು ಎಂದು ಪ್ರಬಂಧದಲ್ಲಿ ಬರೆದುಬಿಡುವವರಿದ್ದಾರೆ.