ವಿದೇಶದ ಹಾರಾಟ ಮತ್ತು ಲಾಗ್‌ಬುಕ್ಕಿನ ಪಿಐಸಿ ಕಾಲಂ: ನನ್ನ ಅನುಭವ

ನನ್ನ ಬಳಿ ಇರುವುದು ಅಮೆರಿಕದ ಖಾಸಗಿ ಪೈಲಟ್ ಸರ್ಟಿಫಿಕೇಟ್. ಅದರೊಂದಿಗೆ ಜರ್ಮನಿಗೆ ಹೋಗಿ, ಅಲ್ಲಿಯ ನೋಂದಣಿಯ ಸೆಸ್ನಾ 172 ವಿಮಾನವನ್ನು ಅಲ್ಲಿಯ ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿಸುವುದೆಂದು ನಿಶ್ಚಯಿಸಿದ ಮೇಲೆ, ಆ ಗಂಟೆಗಳು ಲಾಗ್‌ಬುಕ್ಕಿನ (ಪೈಲಟ್ ತನ್ನ ಹಾರಾಟಗಳನ್ನು ದಾಖಲಿಸುವ ಪುಸ್ತಕದ) ಯಾವ ಕಾಲಂಗೆ ಸೇರುತ್ತವೆ ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಳ್ಳಬೇಕೆಂದು ನನಗೆ ಅನ್ನಿಸಿತು. ಇದಕ್ಕೆ ಕಾರಣವೂ ಇತ್ತು. ಅಮೆರಿಕದಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗಿನ ನೋಟವಿಲ್ಲದೆ ಉಪಕರಣಗಳನ್ನು ನೋಡಿಯೇ ಹಾರಿಸುವ ಅರ್ಹತೆ) ಪಡೆಯಲು ಪೈಲಟ್ ಇನ್ ಕಮಾಂಡ್ (ಪಿಐಸಿ, ಅಂದರೆ ಹಾರಾಟದ ಹೊಣೆ ಹೊತ್ತ ಪೈಲಟ್) ಆಗಿ 50 ಗಂಟೆಗಳ ಕ್ರಾಸ್ ಕಂಟ್ರಿ ಹಾರಾಟ, ಅಂದರೆ ಒಂದು ಊರಿನಿಂದ ಇನ್ನೊಂದಕ್ಕೆ ಹಾರಾಟ, ಬೇಕು. ನಾನು ಆ ಗಂಟೆಗಳನ್ನು ಕೂಡಿಸುತ್ತಿದ್ದೆ.

ಮೊದಲು ತೀರ್ಮಾನವಾಗಬೇಕಾದದ್ದು ಹಾರಿಸುವ ಅಧಿಕಾರದ ಪ್ರಶ್ನೆ. 1944ರ ಷಿಕಾಗೋ ಒಪ್ಪಂದದ 32ನೇ ವಿಧಿಯ ಪ್ರಕಾರ, ಅಂತರರಾಷ್ಟ್ರೀಯ ಹಾರಾಟದಲ್ಲಿ ತೊಡಗಿದ ವಿಮಾನದ ಪೈಲಟ್ ಬಳಿ ಆ ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟ ಅಥವಾ ಮಾನ್ಯ ಮಾಡಿದ ಪರವಾನಗಿ ಇರಬೇಕು. ಜರ್ಮನಿಯ ನೋಂದಣಿಯ ವಿಮಾನಕ್ಕೆ ಯುರೋಪಿನ ಪರವಾನಗಿ ಬೇಕು, ಇಲ್ಲವೇ ನನ್ನ ಸರ್ಟಿಫಿಕೇಟಿಗೆ ಅಲ್ಲಿಯ ಮಾನ್ಯತೆ ಸಿಕ್ಕಿರಬೇಕು. ನನ್ನ ಬಳಿ ಅವೆರಡೂ ಇರಲಿಲ್ಲವಾದ್ದರಿಂದ ಆ ಹಾರಾಟಗಳ ಕಮಾಂಡರ್ ಬೋಧಕರೇ ಆಗಿರಬೇಕೆಂದು ನಾವಿಬ್ಬರೂ ಎಂಜಿನ್ ಚಾಲೂ ಮಾಡುವ ಮೊದಲೇ ಬಾಯಿಬಿಟ್ಟು ಹೇಳಿಕೊಂಡೆವು. ಇದನ್ನು ಪರಸ್ಪರ ಊಹೆಗೆ ಬಿಡಬಾರದು. ವಿಮಾನದಲ್ಲಿ ಹೊಣೆ ಯಾರದೆಂಬುದು ಕಾಗದಕ್ಕಿಂತ ಮೊದಲು ಸುರಕ್ಷತೆಯ ವಿಷಯ.

ಹಾಗಾದರೆ ಕಮಾಂಡರ್ ಅಲ್ಲದ ನಾನು ಪಿಐಸಿ ಸಮಯ ಬರೆದುಕೊಳ್ಳುವುದು ಹೇಗೆ? ಅಮೆರಿಕದ ನಿಯಮಾವಳಿ ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡುತ್ತದೆ. ಪಿಐಸಿಯಾಗಿ ಕಾರ್ಯ ನಿರ್ವಹಿಸುವುದು ಒಂದು, ಪಿಐಸಿ ಸಮಯವನ್ನು ದಾಖಲಿಸುವುದು ಇನ್ನೊಂದು. ಅಲ್ಲಿಯ 61.51(ಇ) ನಿಯಮದಂತೆ, ತನಗೆ ರೇಟಿಂಗ್ (ಆ ಬಗೆಯ ವಿಮಾನ ಹಾರಿಸುವ ಅರ್ಹತೆ) ಇರುವ ವಿಮಾನದ ಕಂಟ್ರೋಲ್‌ಗಳನ್ನು ತಾನೊಬ್ಬನೇ ನಿರ್ವಹಿಸಿದಷ್ಟು ಹೊತ್ತನ್ನು ಪೈಲಟ್ ಪಿಐಸಿ ಸಮಯವೆಂದು ಬರೆದುಕೊಳ್ಳಬಹುದು. ಕಾನೂನಿನ ದೃಷ್ಟಿಯಲ್ಲಿ ಕಮಾಂಡರ್ ಪಕ್ಕದವರಾಗಿದ್ದರೂ ಇದಕ್ಕೆ ಅಡ್ಡಿಯಿಲ್ಲ. ವಿಮಾನ ವಿದೇಶದ್ದಾದರೆ ಏನೆಂಬುದಕ್ಕೆ ಅದೇ ನಿಯಮದ (ಜೆ) ಭಾಗದಲ್ಲಿ ಉತ್ತರವಿದೆ: ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸದಸ್ಯ ದೇಶವೊಂದರ ಪ್ರಾಧಿಕಾರ ಒಪ್ಪಿದ ಹಾರಾಟ ಯೋಗ್ಯತಾ ಪ್ರಮಾಣಪತ್ರವುಳ್ಳ ವಿದೇಶಿ ನೋಂದಣಿಯ ವಿಮಾನದಲ್ಲಿ ಕಳೆದ ಸಮಯವನ್ನು ದಾಖಲಿಸಬಹುದು. ಆದ್ದರಿಂದ ವಿಮಾನ ಏರುವ ಮೊದಲು ಆ ಪ್ರಮಾಣಪತ್ರವನ್ನು ನಾನು ಖುದ್ದಾಗಿ ನೋಡುತ್ತಿದ್ದೆ.

ಯುರೋಪಿನ ನಿಯಮ ಇದನ್ನು ಒಪ್ಪುವುದಿಲ್ಲ. ಅಲ್ಲಿ ಬೋಧಕರು ಪಿಐಸಿ, ಪಕ್ಕದಲ್ಲಿ ಕಲಿಯುತ್ತ ಹಾರಿಸುವವರದು ಡ್ಯುಯಲ್, ಅಂದರೆ ಬೋಧಕರೊಡನೆ ಪಾಠ ಕಲಿತ ಸಮಯ. ಅಮೆರಿಕದಲ್ಲಿ ಬೋಧಕರೂ ರೇಟಿಂಗ್ ಇರುವ ಶಿಷ್ಯರೂ ಅದೇ ಒಂದು ಗಂಟೆಯನ್ನು ತಮ್ಮ ತಮ್ಮ ಪುಸ್ತಕದಲ್ಲಿ ಪಿಐಸಿ ಎಂದು ಬರೆದುಕೊಳ್ಳುವುದು ಸಹಜ; ಯುರೋಪಿನ ಪರೀಕ್ಷಕರಿಗೆ ಅದು ಸರಿಕಾಣದು. ಎರಡೂ ಪದ್ಧತಿಗಳಿಗೆ ಅವುಗಳದೇ ತರ್ಕವಿದೆ, ಆದರೆ ಕಮಾಂಡಿನ ಹೊಣೆಗೆ ಯುರೋಪಿನ ಕ್ರಮವೇ ಹೆಚ್ಚು ನಿಷ್ಠವಾಗಿದೆ ಎಂಬುದು ನನ್ನ ಅಭಿಪ್ರಾಯ.

ಹೀಗಾಗಿ ನಾನು ಒಂದೇ ಪುಸ್ತಕದಲ್ಲಿ ಎರಡೂ ಲೆಕ್ಕ ನಿಲ್ಲುವಂತೆ ಬರೆದೆ. ಅಮೆರಿಕದ ಪಿಐಸಿ ಕಾಲಂನಲ್ಲಿ ನಾನು ಕಂಟ್ರೋಲ್ ಹಿಡಿದಿದ್ದ ಸಮಯವನ್ನಷ್ಟೇ ಬರೆದೆ. ಬೋಧಕರು ಮಾಡಿ ತೋರಿಸಿದ ನಿಮಿಷಗಳನ್ನು ಅದರಿಂದ ಕಳೆದೆ. ಡ್ಯುಯಲ್ ಕಾಲಂನಲ್ಲಿ ಪೂರ್ತಿ ಪಾಠದ ಸಮಯವಿತ್ತು. ಇವುಗಳ ಪಕ್ಕದಲ್ಲಿ ಖಾಲಿಯಿದ್ದ ಕಾಲಂ ಒಂದಕ್ಕೆ ‘ಕಮಾಂಡರ್ ಆಗಿ’ ಎಂದು ತಲೆಬರಹ ಕೊಟ್ಟು ಈ ಹಾರಾಟಗಳ ಸಾಲಿನಲ್ಲಿ ಸೊನ್ನೆ ಹಾಕಿದೆ. ಷರಾದಲ್ಲಿ ಕಮಾಂಡರ್ ಯಾರೆಂಬುದನ್ನೂ ಅವರ ಪರವಾನಗಿ ಸಂಖ್ಯೆಯನ್ನೂ ನಮೂದಿಸಿ, ಅದೇ ದಿನ ಅವರ ಸಹಿ ಪಡೆದೆ. ದಾಖಲೆಯಲ್ಲಿ ಸುಳ್ಳು ನಮೂದು ಮಾಡಿದರೆ ಸರ್ಟಿಫಿಕೇಟೇ ರದ್ದಾಗುವ ಸಾಧ್ಯತೆಯನ್ನು ಅಮೆರಿಕದ ನಿಯಮಾವಳಿ ಹೇಳುತ್ತದೆ. ಯಾವ ಆಧಾರದ ಮೇಲೆ ಬರೆದಿದ್ದೇವೆಂಬುದು ಅದೇ ಸಾಲಿನಲ್ಲಿ ಕಾಣಿಸುವುದು ಇದಕ್ಕಾಗಿಯೇ ಮುಖ್ಯ.

ಸಣ್ಣ ವ್ಯತ್ಯಾಸಗಳೂ ಇವೆ. ಯುರೋಪಿನಲ್ಲಿ ಸಮಯವನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ), ಗಂಟೆ ನಿಮಿಷಗಳಲ್ಲಿ ಬರೆಯುತ್ತಾರೆ. ನನ್ನ ಪುಸ್ತಕ ದಶಮಾಂಶದ್ದು. 1 ಗಂಟೆ 24 ನಿಮಿಷವನ್ನು 1.4 ಎಂದು ಬರೆದು ಮೂಲ ಅಂಕಿಯನ್ನು ಷರಾದಲ್ಲಿ ಉಳಿಸಿಕೊಂಡೆ. ಕ್ರಾಸ್ ಕಂಟ್ರಿಯ ವಿಷಯ ಇಷ್ಟು ಸುಲಭವಲ್ಲ. ಮೊದಲೇ ಯೋಜಿಸಿದ ಮಾರ್ಗದಲ್ಲಿ ಒಂದು ಸ್ಥಳದಿಂದ ಇನ್ನೊಂದಕ್ಕೆ ಹಾರಿದರೆ ಯುರೋಪಿನಲ್ಲಿ ಅದು ಕ್ರಾಸ್ ಕಂಟ್ರಿಯೇ, ಕನಿಷ್ಠ ದೂರವೆಂಬುದಿಲ್ಲ. ಅಮೆರಿಕದ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗಾದರೋ ಹೊರಟ ಜಾಗದಿಂದ ನೇರ ರೇಖೆಯಲ್ಲಿ 50 ನಾಟಿಕಲ್ ಮೈಲಿಗಿಂತ ಹೆಚ್ಚು ದೂರದ ಒಂದು ಕಡೆ ಇಳಿದಿರಬೇಕು. ಅದಕ್ಕಾಗಿ ಬೋಧಕರೊಡನೆ ನಕ್ಷೆಯ ಮೇಲೆ ಅಳೆದು, ಆ ದೂರವನ್ನು ಸ್ಪಷ್ಟವಾಗಿ ದಾಟುವ ನಿಲ್ದಾಣಗಳನ್ನೇ ಆರಿಸಿಕೊಂಡೆ. ಅಂಚಿನಲ್ಲಿರುವ ನಿಲ್ದಾಣಗಳನ್ನು ನೆಚ್ಚಿಕೊಳ್ಳುವುದು ನನಗೆ ಸರಿಯೆನಿಸಲಿಲ್ಲ.

ಬೋಧಕರ ಸಹಿಗೆ ಎಷ್ಟು ಬೆಲೆ ಎಂಬುದನ್ನೂ ತಿಳಿದಿರಬೇಕು. 61.41 ನಿಯಮದಂತೆ, ಅಮೆರಿಕದ ಹೊರಗೆ ಆ ಅಂತರರಾಷ್ಟ್ರೀಯ ಸಂಸ್ಥೆಯ ಸದಸ್ಯ ದೇಶದ ಅಧಿಕೃತ ಬೋಧಕರು ಕೊಟ್ಟ ಪಾಠ ಅಮೆರಿಕದ ಸರ್ಟಿಫಿಕೇಟ್ ಅಥವಾ ರೇಟಿಂಗ್‌ನ ಲೆಕ್ಕಕ್ಕೆ ಬರುತ್ತದೆ. ಆದರೆ ಪಾಠ ನಡೆಯಿತೆಂದು ದೃಢೀಕರಿಸುವುದಷ್ಟೇ ಅವರ ಸಹಿಯ ವ್ಯಾಪ್ತಿ. ಎರಡು ವರ್ಷಕ್ಕೊಮ್ಮೆ ಆಗಬೇಕಾದ ಫ್ಲೈಟ್ ರಿವ್ಯೂವನ್ನು (ಬೋಧಕರು ಪೈಲಟ್‌ನ ತಿಳಿವಳಿಕೆ, ಕೌಶಲಗಳನ್ನು ಮತ್ತೆ ನೋಡುವ ಪರಿಶೀಲನೆಯನ್ನು) ಅವರಿಂದ ಮಾಡಿಸಿಕೊಳ್ಳಲು ಬಾರದು. ಅದನ್ನು ನಾನು ಮರಳಿದ ಮೇಲೆ ಅಮೆರಿಕದ ಬೋಧಕರೊಬ್ಬರಲ್ಲಿ ಮುಗಿಸಿದೆ.

ಇನ್‌ಸ್ಟ್ರುಮೆಂಟ್ ರೇಟಿಂಗ್‌ಗಾಗಿ 8710-1 ಅರ್ಜಿ ತುಂಬುವಾಗ ಅಮೆರಿಕದ ಕಾಲಂನ ಮೊತ್ತವನ್ನು ಕೊಟ್ಟೆ. ಪರೀಕ್ಷಕರು ಜರ್ಮನಿಯ ಸಾಲುಗಳ ಬಗ್ಗೆ ಕೇಳಿದರು. ಷರಾ ಓದಿ, ಕಂಟ್ರೋಲ್ ಯಾರ ಕೈಯಲ್ಲಿತ್ತೆಂದು ವಿಚಾರಿಸಿ ಮುಂದುವರಿದರು. ಮುಂದೆ ಯುರೋಪಿನ ಪರವಾನಗಿಗೆ ಕಾಗದಪತ್ರ ಸಿದ್ಧಪಡಿಸಿದಾಗ ‘ಕಮಾಂಡರ್ ಆಗಿ’ ಎಂಬ ಕಾಲಂನ ಮೊತ್ತವನ್ನು ಮಾತ್ರ ಪಿಐಸಿ ಎಂದು ತೋರಿಸಿ, ಜರ್ಮನಿಯ ಗಂಟೆಗಳನ್ನು ಡ್ಯುಯಲ್ ಎಂದೇ ಕೊಟ್ಟೆ.