ಮೂರನೇ ದಾರಿಯಲ್ಲಿ ಬಂದ ಸದ್ದು

ಎರಡು ಸದ್ದು ಸೇರಿದರೆ ನಿಶ್ಶಬ್ದವೂ ಆಗಬಹುದು ಅಂತ ಪಿಯು ಮಕ್ಕಳಿಗೆ ವರ್ಷವರ್ಷವೂ ಹೇಳುತ್ತಿದ್ದೆ. ‘ಹೌದು ಸಾರ್’ ಅನ್ನುತ್ತಿದ್ದರು. ನಂಬಿದ ಮುಖ ಒಂದೂ ಇರುತ್ತಿರಲಿಲ್ಲ. ಕೊನೆಗೆ ಕ್ವಿಂಕೆ ಕೊಳವೆಯನ್ನು ನಾನೇ ಮಾಡೋಣ ಅಂತ ಹೊರಟೆ. ಜರ್ಮನಿಯ ಭೌತವಿಜ್ಞಾನಿ ಕ್ವಿಂಕೆ 1866ರಲ್ಲಿ ಬಳಸಿದ ಉಪಾಯ ಇದು. ಒಂದೇ ಸದ್ದನ್ನು ಎರಡು ಕವಲಿಗೆ ಬಿಟ್ಟು, ಆಚೆ ತುದಿಯಲ್ಲಿ ಮತ್ತೆ ಕೂಡಿಸುವುದು. ಒಂದು ಕವಲನ್ನು ಎಳೆದು ಉದ್ದ ಮಾಡಬಹುದು. ಆ ದಾರಿಯ ಸದ್ದು ಅರ್ಧ ಅಲೆಯಷ್ಟು ತಡವಾದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕಿ ಎರಡೂ ಅಡಗುತ್ತವೆ.

ಬೆಂಗಳೂರಿನ ಎಸ್‌ಜೆಪಿ ರಸ್ತೆಯಿಂದ ವೈರಿಂಗ್ ಪೈಪ್ ತಂದೆ. ಕವಲೊಡೆಯಲು ಎರಡು ಟೀ ಜಾಯಿಂಟ್, ತಿರುವಿಗೆ ನಾಲ್ಕು ಬೆಂಡ್. ‘ಎಷ್ಟು ಪಾಯಿಂಟ್ ಸಾರ್?’ ಅಂದರು ಅಂಗಡಿಯವರು. ಸುಮ್ನೆ ನಕ್ಕೆ. 20 ಎಂಎಂ ಪೈಪು 25 ಎಂಎಂ ಒಳಗೆ ಜಾರುತ್ತದೆ, ಆದರೆ ಲೊಡಲೊಡ. ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿದ ಮೇಲೆ ಬಿಗಿಯಾಯಿತು.

ಫೋನಿನಲ್ಲಿ 1000 ಹರ್ಟ್ಸ್ ಸದ್ದು, ಅಂದರೆ ಸೆಕೆಂಡಿಗೆ ಸಾವಿರ ಅಲೆ, ಹಾಕಿ ಪೈಪಿನ ಬಾಯಿಗಿಟ್ಟೆ. ಇತ್ತ ಕಿವಿ. ಎಳೆದೆ, ತಳ್ಳಿದೆ, ಏನೂ ಬದಲಾಗಲಿಲ್ಲ. ಎರಡು ಸಂಜೆ ಹೀಗೇ ಹೋಯಿತು. ಟೀ ಸರಿಯಿಲ್ಲ ಅಂತ ಬಿಚ್ಚಿ ಮತ್ತೆ ಜೋಡಿಸಿದ್ದೂ ಆಯಿತು.

‘ಈ ಕುಂಯ್ ಅನ್ನೋದು ಅಡುಗೆಮನೆವರೆಗೂ ಕೇಳ್ತಿದೆ ಕಣೋ, ನಿಲ್ಸು’ ಅಂದರು ಅಮ್ಮ.

ಅಡುಗೆಮನೆಗೆ ಪೈಪು ಹೋಗಿಲ್ವಲ್ಲ! ಪೈಪಿನೊಳಗೆ ಎರಡು ದಾರಿ ಮಾಡಿ ಕೂತಿದ್ದೆ, ಹೊರಗೆ ಗಾಳಿಯಲ್ಲಿ ಮೂರನೆಯದು ತೆರೆದೇ ಇತ್ತು. ಫೋನನ್ನು ಪೈಪಿನ ಬಾಯಿ ಸಮೇತ ಟವೆಲಿನಲ್ಲಿ ಸುತ್ತಿ ಕಂಬಳಿಯೊಳಗೆ ಹುದುಗಿಸಿದೆ. ಇನ್ನೊಂದು ಕಿವಿಗೆ ಹತ್ತಿ.

ಈ ಸಲ ಎಳೆಯುತ್ತಾ ಹೋದಂತೆ ಸದ್ದು ತೆಳ್ಳಗಾಯಿತು, ಸೊಳ್ಳೆ ದೂರ ಹೋದ ಹಾಗೆ. ಇನ್ನೊಂದಿಷ್ಟು ಎಳೆದರೆ ಮತ್ತೆ ಜೋರು. ಸದ್ದು ಅಡಗುವ ಎರಡು ಜಾಗದ ನಡುವೆ ಸ್ಕೇಲಿಟ್ಟೆ: 17.4 ಸೆಂ.ಮೀ. ಕವಲು U ಆಕಾರದ್ದು, ಎಳೆದಾಗ ಅದರ ಎರಡೂ ಕಾಲು ಉದ್ದವಾಗುತ್ತವೆ. ಅಂದರೆ ದಾರಿ ಹೆಚ್ಚಿದ್ದು 34.8 ಸೆಂ.ಮೀ., ಒಂದು ಪೂರ್ತಿ ಅಲೆಯಷ್ಟು. ಸಾವಿರದಿಂದ ಗುಣಿಸಿದರೆ ಸೆಕೆಂಡಿಗೆ 348 ಮೀಟರ್. ಅವತ್ತು ಕೋಣೆಯಲ್ಲಿ 28 ಡಿಗ್ರಿ ಇತ್ತು. ಪುಸ್ತಕದ ಲೆಕ್ಕವೂ ಅಷ್ಟೇ ಬರುತ್ತದೆ. ಖುಷಿಗೆ ಅಮ್ಮನಿಗೂ ಕೇಳಿಸಿದೆ. ‘ಪೂರ್ತಿ ನಿಂತಿಲ್ಲ’ ಅಂದರು. ನಿಜ, ಉದ್ದದ ದಾರಿಯಲ್ಲಿ ಸದ್ದು ಸ್ವಲ್ಪ ಸೊರಗುತ್ತದೆ. ಎರಡೂ ಸಮಬಲ ಆಗದಿದ್ದರೆ ಚೂರು ಉಳಿದೇ ಉಳಿಯುತ್ತದೆ.

ಕ್ಲಾಸಿನಲ್ಲಿ ಒಬ್ಬ ಕಿವಿಯಿಟ್ಟು, ‘ಒಂದು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಾಕೊಂಡು ಅರ್ಧ ಅಲೆ ಲೇಟಾಗಿ ಬಂತು, ಅಲ್ವಾ ಸಾರ್?’ ಅಂದ. ಇನ್ನೊಬ್ಬಳು ನನ್ನನ್ನು ಕೇಳದೆ ಫೋನಿನಲ್ಲಿ 2000 ಹರ್ಟ್ಸ್ ಹಾಕಿ, ಅಡಗುವ ಜಾಗ ಎಲ್ಲಿ ಅಂತ ಆಗಲೇ ಪೈಪ್ ಎಳೆಯುತ್ತಿದ್ದಳು.